ಮೇಷ್ಟ್ರ ಔಷಧಿ

ಹೊಳೆದಂಡೆಯ ಆ ಆಸ್ಪತ್ರೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಬೇರೆ ಯಾವ ಔಷಧಿಗೂ ಬಗ್ಗದ ಸೋಂಕು ಬಂದರೆ ಇರಲಿ ಎಂದು ಕಡೆಯ ಔಷಧಿಯನ್ನು ಅದರಲ್ಲಿ ಇಡುತ್ತಿದ್ದರು.

ಆ ಬೀರುವಿಗೊಂದು ಕಟ್ಟಳೆಯಿತ್ತು. ಬೀಗ ತೆಗೆಯುವವರು ಅದರ ಮುಂದೆ ನಿಂತು, 'ಇದು ಇಂಥವರ ಪಾಲಿನದು' ಎಂದು ಬಾಯಿಬಿಟ್ಟು ಹೇಳಬೇಕು. ಕಟ್ಟಳೆ ಮಾಡಿದವರು ಹಿರಿಯ ಡಾಕ್ಟರ್ ಪರಶಿವಯ್ಯ. ಅವರ ಕೈಕೆಳಗೆ ಕಲಿತವರೆಲ್ಲ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಈ ಕಟ್ಟಳೆಯನ್ನು ಆಡಿಕೊಂಡು ನಗುತ್ತಲೂ ಇದ್ದರು.

ವಯಸ್ಸಾಯಿತೆಂದು ಗುರುಗಳು ಬೀಗದ ಕೈಯನ್ನು ದಾಕ್ಷಾಯಿಣಿಗೆ ಒಪ್ಪಿಸಿದರು. ಶಿಷ್ಯರಲ್ಲಿ ಅವಳೇ ಚುರುಕು. ವಾರ್ಡಿನಲ್ಲಿ ಯಾರಾದರೂ ನರಳುತ್ತಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಇಷ್ಟು ಮೆತ್ತನೆ ಕರುಳಿನವಳಿಗೆ ಬೀಗದ ಕೈ ಕೊಡಬಾರದು ಎಂದವರಿದ್ದರು. ಗುರುಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಹೊನ್ನಪ್ಪ ಮೇಷ್ಟ್ರಿಗೆ ಆಪರೇಷನ್ ಆದ ಮೇಲೆ ಜ್ವರ ಏರಿತು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರು. ಆಸ್ಪತ್ರೆಯ ಬಾಗಿಲ ತುಂಬ ಜನ.

ದಾಕ್ಷಾಯಿಣಿ ಬೀರುವಿನ ಮುಂದೆ ನಿಂತಳು. ಗುರುಗಳು ಪಕ್ಕದ ಕುರ್ಚಿಯಲ್ಲಿದ್ದರು.

"ಯಾರ ಪಾಲಿನದು?"

"ಮೇಷ್ಟ್ರ ಪಾಲಿನದು, ಗುರುಗಳೇ."

"ಮೇಷ್ಟ್ರ ಪಾಲಿಗೆ ಬೇರೇನೂ ಇಲ್ಲ ಅಂತ ತಟ್ಟೆ ಬರೋಕೆ ಮುಂಚೆ ಹೇಗೆ ಗೊತ್ತಾಯ್ತು?"

"ತಟ್ಟೆ ಬರೋವರೆಗೂ ಅವರು ಉಳೀತಾರಾ ಅನ್ನೋದೇ ಅನುಮಾನ."

"ಹಾಗಾದ್ರೆ ತೆಗಿ. ತಟ್ಟೆ ಬಂದ ದಿನ ಮತ್ತೆ ಕೇಳ್ತೀನಿ."

ತಟ್ಟೆ ಎಂದರೆ ಲ್ಯಾಬಿನವರ ತಟ್ಟೆ. ರೋಗಿಯ ರಕ್ತದಲ್ಲೋ ಕೀವಿನಲ್ಲೋ ಸಿಕ್ಕ ಕ್ರಿಮಿಯನ್ನು ಅದರಲ್ಲಿ ಬೆಳೆಸಿ, ಮೇಲೆ ಒಂದೊಂದು ಔಷಧಿಗೆ ಒಂದೊಂದು ಬಿಲ್ಲೆ ಇಡುತ್ತಾರೆ. ನಾಟುವ ಔಷಧಿಯಾದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ತಿಳಿಯಾದ ಉಂಗುರ ಬೀಳುತ್ತದೆ. ನಾಟದಿದ್ದರೆ ಏನೂ ಬೀಳುವುದಿಲ್ಲ.

ಮೇಷ್ಟ್ರ ತಟ್ಟೆ ಬಂತು. ಎಲ್ಲರಿಗೂ ಕೊಡುವ ಹಳೆಯ ಔಷಧಿಯ ಸುತ್ತಲೇ ಅಗಲವಾದ ಉಂಗುರ ಬಿದ್ದಿತ್ತು.

"ಈಗ ಹೇಳು," ಎಂದರು ಗುರುಗಳು. "ಬೀರುವಿನದು ಯಾರ ಪಾಲಿನದು?"

"ಉಂಗುರ ನೋಡಿದೆ, ಗುರುಗಳೇ. ಆದ್ರೆ ಜ್ವರ ಇಳೀತಿದೆ. ಇಳೀತಿರೋ ಜ್ವರಾನ ಯಾಕೆ ಕೆಣಕಬೇಕು? ಔಷಧಿ ಬದಲಾಯಿಸಿ ಹೆಚ್ಚುಕಮ್ಮಿ ಆದ್ರೆ ಹೊರಗಿರೋ ಜನಕ್ಕೆ ಏನು ಹೇಳ್ಲಿ?"

ಗುರುಗಳು ತಟ್ಟೆಯನ್ನು ಅವಳ ಮೇಜಿನ ಮೇಲಿಟ್ಟು ಎದ್ದುಹೋದರು.

ಮೇಷ್ಟ್ರು ಗುಣವಾದರು. ಎದ್ದು ಕೂತರು, ಗಂಜಿ ಕುಡಿದರು, ಮನೆಗೆ ಹೊರಟ ದಿನ ದಾಕ್ಷಾಯಿಣಿಯ ತಲೆ ಮುಟ್ಟಿ ಹರಸಿದರು. ಅವತ್ತು ಅವಳು ಸಂತೋಷಕ್ಕೆ ಅತ್ತಳು.

ಆಮೇಲೆ ಊರು ಗೆದ್ದೆತ್ತಿನ ಬಾಲ ಹಿಡಿಯಿತು. ಯಾರಿಗೆ ಜ್ವರ ಬಂದರೂ "ಮೇಷ್ಟ್ರ ಔಷಧಿ ಹಾಕಿ ತಾಯಿ" ಎಂದು ಕೈಮುಗಿಯುವುದು. ತಟ್ಟೆ ಬರಲಿ ಎಂದರೆ, "ಮೇಷ್ಟ್ರಿಗೆ ಕಾದ್ರಾ?" ಎಂದು ಕೇಳುವುದು. ಅವಳು ಬೀಗದ ಕೈ ಹಿಡಿದು ಏಳುವುದು.

ಬೀರುವಿನ ಮುಂದೆ ನಿಂತು ಒಬ್ಬರಾದ ಮೇಲೆ ಒಬ್ಬರ ಹೆಸರು ಹೇಳಿದಳು. ಹೇಳಿ ಹೇಳಿ ಅದು ಬರೀ ಬಾಯಿಪಾಠವಾಯಿತು. ಕೊನೆಕೊನೆಗೆ ಹೆಸರು ಹೇಳುವುದನ್ನೂ ಬಿಟ್ಟಳು. ಬೀಗವನ್ನಷ್ಟೇ ತೆಗೆಯುತ್ತಿದ್ದಳು.

ಕ್ರಿಮಿಗೂ ಕಲಿಯುವುದು ಗೊತ್ತು. ಅದಕ್ಕೆ ಗುರು ಬೇಕಿಲ್ಲ, ದಿನಾ ಎದುರಿಗೆ ಬರುವ ಔಷಧಿಯೇ ಸಾಕು.

ಮಾದೇವಿ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಳು. ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಕೂಸು, ಗಟ್ಟಿಮುಟ್ಟಾಗಿತ್ತು. ತಾಯಿಗೆ ಹೊಲಿಗೆಯ ಜಾಗದಲ್ಲಿ ಕೀವು ಕಟ್ಟಿ ಮೈ ಸುಡತೊಡಗಿತು.

ದಾಕ್ಷಾಯಿಣಿ ಬೀಗ ತೆಗೆದಳು, ಔಷಧಿ ಹಾಕಿದಳು. ಜ್ವರ ಇಳಿಯಲಿಲ್ಲ.

ತಟ್ಟೆ ಬಂತು. ಕ್ರಿಮಿ ಅಂಚಿನಿಂದ ಅಂಚಿಗೆ ಹುಲುಸಾಗಿ ಬೆಳೆದಿತ್ತು. ಹಳೆಯ ಔಷಧಿಗಳ ಸುತ್ತ ಉಂಗುರವಿರಲಿಲ್ಲ. ಬೀರುವಿನ ಔಷಧಿಯ ಸುತ್ತಲೂ ಇರಲಿಲ್ಲ.

ಅವಳು ತಟ್ಟೆ ಹಿಡಿದುಕೊಂಡು ಗುರುಗಳನ್ನು ಹುಡುಕಿ ಓಡಿದಳು. ಅವರು ಹೊಳೆಯ ಸೋಪಾನದ ಮೇಲೆ ಕೂತಿದ್ದರು.

"ಇನ್ನೇನು ಕೊಡ್ಲಿ, ಗುರುಗಳೇ?"

ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎರಡು ಔಷಧಿ ಜೊತೆಗೆ ಹಾಕಿ ನೋಡು. ಒಂದರ ಕೈಲಿ ಆಗದ್ದು ಎರಡು ಕೂಡಿದ್ರೆ ಒಮ್ಮೊಮ್ಮೆ ಆಗುತ್ತೆ. ದೊಡ್ಡಾಸ್ಪತ್ರೆಗೆ ಫೋನ್ ಮಾಡಿದ್ಯಾ?"

"ಮಾಡ್ದೆ. ನಮ್ಮ ಹತ್ರ ಇರೋದೇ ಅವರ ಹತ್ರಾನೂ ಇರೋದು."

"ಔಷಧಿ ಹಾಕಿ, ಹೋಗಿ ಅವಳ ಪಕ್ಕ ಕೂತ್ಕೋ."

"ಕೂತ್ರೆ ಏನಾಗುತ್ತೆ?"

"ಏನೂ ಆಗಲ್ಲ."

ಅವಳು ಹೋಗಿ ಕೂತಳು. ಮಾದೇವಿಗೆ ಎಚ್ಚರವಿತ್ತು. ತುಟಿ ಒಣಗಿ ಒಡೆದಿತ್ತು.

"ಡಾಕ್ಟ್ರಮ್ಮ, ನಮ್ಮ ಮೇಷ್ಟ್ರಿಗೆ ಹಾಕಿದ್ರಲ್ಲ, ಆ ಔಷಧಿ ನಂಗೂ ಹಾಕ್ತೀರಾ? ನಾನೂ ಅವರ ತಾವೇ ಓದಿದ್ದು."

"ಹಾಕಿದ್ದೀನಿ, ಮಾದೇವಿ."

"ಹಂಗಾರೆ ವಾಸಿಯಾಗ್ತೀನಿ ಬುಡಿ," ಎಂದು ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಆ ನೆಮ್ಮದಿಯನ್ನು ನೋಡಲಾಗದೆ ದಾಕ್ಷಾಯಿಣಿ ತಲೆ ತಗ್ಗಿಸಿದಳು.

ಎರಡು ಔಷಧಿ ಕೂಡಿದರೂ ಆಗಲಿಲ್ಲ. ಮೂತ್ರ ನಿಂತಿತು, ಉಸಿರು ಏದುಸಿರಾಯಿತು. ವಾರ್ಡಿನವರೆಲ್ಲ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಮಾದೇವಿ ತೀರಿಕೊಂಡಳು.

ಸುದ್ದಿ ಕೇಳಿ ಹೊನ್ನಪ್ಪ ಮೇಷ್ಟ್ರು ಕೋಲೂರಿಕೊಂಡು ಬಂದರು. ಮಂಚದ ತಲೆದೆಸೆಯಲ್ಲಿ ನಿಂತು, ಹಾಜರಿ ಕೂಗುವ ಹಾಗೆ "ಮಾದೇವಿ" ಎಂದು ಒಂದು ಸಲ ಕರೆದರು. ಮತ್ತೆ ಕರೆಯಲಿಲ್ಲ.

ದಾಕ್ಷಾಯಿಣಿ ಬೀಗದ ಕೈಯನ್ನು ಗುರುಗಳ ಮುಂದಿಟ್ಟಳು.

"ನನಗಿದು ಬೇಡ. ಅವಳನ್ನ ನಾನೇ ಕೊಂದೆ."

ಗುರುಗಳು ಬೀಗದ ಕೈಯನ್ನು ಎತ್ತಿಕೊಂಡರು.

"ಮೇಷ್ಟ್ರ ತಟ್ಟೆ ಬಂದ ದಿನ ನೀವು ತಡೀಬಹುದಿತ್ತು," ಎಂದಳು ಅವಳು. ದುಃಖದಲ್ಲಿ ಸಿಟ್ಟೂ ಬೆರೆತಿತ್ತು.

"ತಡೀಬಹುದಿತ್ತು. ತಡೆದ ಮೇಲೆ ಮೇಷ್ಟ್ರು ಹೋಗಿಬಿಟ್ರೆ ಅಂತ ನನಗೂ ಭಯ ಆಯ್ತು, ದಾಕ್ಷಾಯಿಣಿ."

"ಹಾಗಾದ್ರೆ ಬೀರು ಯಾಕೆ ಇಟ್ಕೊಳ್ಳೋದು? ಒಳಗಿರೋದು ಇನ್ನು ಯಾರ ಪಾಲಿಗೂ ಬರಲ್ಲ," ಎಂದಳು.

"ಈ ವಾರ್ಡಿನ ಕ್ರಿಮಿ ಕಲಿತುಬಿಟ್ಟಿದೆ. ಎಲ್ಲ ಕ್ರಿಮಿಯೂ ಇನ್ನೂ ಕಲಿತಿಲ್ಲ. ಏಳು, ಬಾ."

ನಲ್ಲಿಯ ಹತ್ತಿರ ನಿಂತು ಗುರುಗಳು ಮೊಳಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಅವಳಿಂದಲೂ ತೊಳೆಸಿದರು. ಆಮೇಲೆ ಅವಳನ್ನು ಎಳೆಗೂಸುಗಳ ಕೋಣೆಗೆ ಕರೆದುಕೊಂಡು ಹೋದರು.

ಕಿಟಕಿಯ ಪಕ್ಕದ ತೊಟ್ಟಿಲಲ್ಲಿ ಮಾದೇವಿಯ ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ಇನ್ನೂ ಹೆಸರಿಟ್ಟಿರಲಿಲ್ಲ.

ಗುರುಗಳು ಬೀಗದ ಕೈಯನ್ನು ದಾಕ್ಷಾಯಿಣಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಇಟ್ಕೋ," ಎಂದರು. "ಈ ಕೂಸಿಗೂ ಒಂದು ದಿನ ಜ್ವರ ಬರುತ್ತೆ."