ಇದು ಮನೆ ಎಂದು ತಿಳಿಯದ ಲ್ಯಾಪ್‌ಟಾಪ್

ಕಸೂತಿ ಹಾಕುವ ನೀಲಾಂಬಿಕೆಯವರ ಹಳೆಯ ಕಂಪ್ಯೂಟರಿನಲ್ಲಿ ಹದಿಮೂರು ವರ್ಷಗಳ ನಕ್ಷೆಗಳಿದ್ದವು. ಅವನ್ನು ಹೊಸ ಲ್ಯಾಪ್‌ಟಾಪಿಗೆ ಕಳಿಸಲು ಅವರು ಬೆಳಗಿನಿಂದ ಹೆಣಗುತ್ತಿದ್ದರು. ಎರಡೂ ಒಂದೇ ವೈಫೈಯಲ್ಲಿದ್ದರೂ ಲ್ಯಾಪ್‌ಟಾಪಿಗೆ ಹಳೆಯದು ಕಾಣಿಸುತ್ತಲೇ ಇರಲಿಲ್ಲ.

"ಮುದುಕಪ್ಪ, ನೀನು ಕೆಟ್ಟಿದ್ದೀಯೆಂದು ಅಮ್ಮ ಗುಜರಿಯವನಿಗೆ ಹೇಳಿಯಾಯಿತು," ಎಂದಿತು ಲ್ಯಾಪ್‌ಟಾಪ್.

"ಬರಲಿ. ಇಷ್ಟು ವರ್ಷದಲ್ಲಿ ಒಂದು ನಕ್ಷೆಯನ್ನೂ ನಾನು ಕಳೆದಿಲ್ಲ. ಮನೆಯವರಿಗೆ ನನ್ನ ಬಾಗಿಲು ಸದಾ ತೆರೆದಿದೆ. ನಿನ್ನದನ್ನು ನೋಡಿಕೋ," ಎಂದಿತು ಹಳೆಯ ಕಂಪ್ಯೂಟರ್.

"ನನ್ನದು ಭದ್ರವಾಗಿ ಹಾಕಿದೆ! ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡಲು ಹುಟ್ಟಿದವನು ನಾನು. ಎಲ್ಲಿಗೆ ಹೋದರೂ 'ಸಾರ್ವಜನಿಕ ಸ್ಥಳ' ಎಂದೇ ಬರೆದುಕೊಳ್ಳುತ್ತೇನೆ. ಅಕ್ಕಪಕ್ಕದವರ ಮುಖ ನೋಡುವುದಿಲ್ಲ."

ಅಷ್ಟರಲ್ಲಿ ನೀಲಾಂಬಿಕೆಯವರು ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆರೆದರು. ಮನೆಯ ವೈಫೈ ಹೆಸರಿನ ಕೆಳಗೆ 'ಸಾರ್ವಜನಿಕ ಸ್ಥಳ' ಎಂಬ ಬರಹ ಕಣ್ಣಿಗೆ ಬಿತ್ತು. "ಅಯ್ಯೋ, ನಮ್ಮ ಮನೆಯನ್ನೇ ಬಸ್‌ಸ್ಟ್ಯಾಂಡ್ ಅಂದುಕೊಂಡಿದೆಯಲ್ಲ ಇದು!" ಎಂದು ನಕ್ಕು, 'ಮನೆ' ಎಂದು ಬದಲಿಸಿದರು. ಮರುಕ್ಷಣವೇ ಪರದೆಯ ಮೇಲೆ ಹಳೆಯ ಕಂಪ್ಯೂಟರಿನ ಹೆಸರು ಮೂಡಿತು. ಅವರು ಗುಜರಿಯವನಿಗೆ ಫೋನ್ ಮಾಡಿ ಬರಬೇಡವೆಂದರು.

ಲ್ಯಾಪ್‌ಟಾಪ್ ತಗ್ಗಿದ ದನಿಯಲ್ಲಿ, "ಒಂದೆರಡು ನಕ್ಷೆ ಕೊಡುವಿರಾ?" ಎಂದಿತು.

"ಒಂದೆರಡೇಕೆ, ಎಲ್ಲವನ್ನೂ ತಗೋ," ಎಂದಿತು ಹಳೆಯದು. "ನೀನೂ ಈ ಮನೆಯವನೇ."