ಮದುಮಗನನ್ನು ಅಳಿಸಿದ ಪದ್ಯ

ಒಂದಾನೊಂದು ಊರಿನಲ್ಲಿ, ಯಾವ ಊರು ಎಂದು ಕೇಳಬೇಡಿ, ಕೇಳಿದರೆ ದಾರಿಖರ್ಚು ನಿಮ್ಮದು, ಮಾರಭೂಪ ಎಂಬ ರಾಜನಿದ್ದ. ಅವನಿಗೆ ಕವಿಯಾಗುವ ಚಟ. ಆದರೆ ಪದ ಹುಟ್ಟದು. ಬೆಳಗಿನಿಂದ ಬೈಗಿನವರೆಗೆ ಕೂತರೂ ಹುಟ್ಟಿದ್ದು ಆಕಳಿಕೆ ಮಾತ್ರ.

ಒಂದು ದಿನ ಅಚ್ಚಾದ ಕಾಗದದ ಮೇಲೆ ಮಸಿಕುಡಿಕೆ ಮಗುಚಿತು. ಎಲ್ಲ ಪದ ಮುಚ್ಚಿಹೋಗಿ ಎರಡೇ ಉಳಿದವು. ಎಮ್ಮೆ, ಮೆಲ್ಲಗೆ. ರಾಜ ಓದಿದ. ಕಣ್ಣಲ್ಲಿ ನೀರು ಬಂತು. ಇನ್ನು ಬರೆಯುವ ಕಷ್ಟವೇ ಬೇಡ, ಬೇಡದ್ದಕ್ಕೆ ಮಸಿ ಬಳಿದರೆ ಉಳಿದದ್ದೇ ಪದ್ಯ ಎಂದ. ಕಲ್ಲು ಆರಿಸಿದರೆ ಅಕ್ಕಿ ಉಳಿಯುತ್ತದೆ, ಸರಿಯೇ. ಈ ಮಹಾರಾಯ ಅಕ್ಕಿಯನ್ನೇ ಆರಿಸಿ ಬಿಸಾಡುತ್ತಿದ್ದ.

ತೊಂದರೆ ಏನೆಂದರೆ ಆ ಊರಿನ ಕಾನೂನು. ಅಚ್ಚಿನಲ್ಲಿ ಇದ್ದದ್ದು ಉಂಟು, ಮಸಿ ಬಿದ್ದದ್ದು ಇಲ್ಲ.

ರಾಜ ಪಂಚಾಂಗಕ್ಕೆ ಮಸಿ ಬಳಿದ. ಮಂಗಳವಾರ ಹೋಯಿತು. ಸೋಮವಾರ ಮಲಗಿದವರು ಬುಧವಾರ ಎದ್ದರು. ಕ್ಷೌರದಂಗಡಿಯವನು ನನ್ನ ವಾರದ ರಜೆ ಎಲ್ಲಿ ಎಂದು ಅತ್ತ. ರಾಜ ಊರಿನ ನಕ್ಷೆಗೆ ಮಸಿ ಬಳಿದ. ಸೇತುವೆ ಹೋಯಿತು. ಜನ ಎದೆಮಟ್ಟದ ನೀರಿಗಿಳಿದು ಹೊಳೆ ದಾಟತೊಡಗಿದರು.

“ಅಣ್ಣಾ, ನಾನು ಇಲ್ಲೇ ಇದ್ದೀನಲ್ಲ” ಎಂದಿತು ಸೇತುವೆ.

“ಇದ್ದರೆ ಏನಾಯ್ತಪ್ಪ, ನಕ್ಷೆಯಲ್ಲಿ ಇಲ್ಲ” ಎಂದರು ಜನ, ತಲೆಯೆತ್ತದೆ.

ಆಮೇಲೆ ರಾಜನ ಕೈಗೆ ಹಪ್ಪಳ ಮಾರುವ ಪಂಪವ್ವನ ಲಗ್ನಪತ್ರಿಕೆ ಸಿಕ್ಕಿತು. “ಗುರುವಾರ ಪಂಪವ್ವನಿಗೂ ದ್ಯಾಮಣ್ಣನಿಗೂ ಹಿರಿಯರು ಮದುವೆ ನಿಶ್ಚಯಿಸಿದ್ದಾರೆ, ಎಲ್ಲರೂ ಬಂದು ಊಟ ಮಾಡಿ ಹರಸಬೇಕು.” ರಾಜ ಕುಂಚ ಆಡಿಸಿದ. ಉಳಿದದ್ದು ಇಷ್ಟು: ಗುರುವಾರ, ಹಿರಿಯರು, ಊಟ. ಆಸ್ಥಾನದ ಪಂಡಿತರು ಅದರಲ್ಲಿ ಏಳು ಅರ್ಥ ಹುಡುಕಿದರು.

ಗುರುವಾರ ಬಂತು. ಹಿರಿಯರು ಬಂದರು, ಉಂಡರು, ಕೈ ತೊಳೆದು ಹೋದರು. ಬಾಸಿಂಗ ಕಟ್ಟಿಕೊಂಡ ದ್ಯಾಮಣ್ಣ ಚಪ್ಪರದ ಹೊರಗೇ ನಿಂತಿದ್ದ. ಪಂಪವ್ವ ಒಳಗೆ ಬಾ ಎಂದಳು.

“ಬರಲು ನನ್ನದೇನೂ ಅಡ್ಡಿಯಿಲ್ಲ ಪಂಪಿ. ಆದರೆ ನಾನೇ ಇಲ್ಲವಲ್ಲ” ಎಂದು ಅವನು ಮನೆಗೆ ಹೋಗಿ ಕದ ಹಾಕಿಕೊಂಡ. ಅಷ್ಟು ಕಾನೂನಿನ ಮನುಷ್ಯ.

ಪಂಪವ್ವನಿಗೆ ಬೇಕಾದದ್ದು ಅದೇ ಗಂಡು. ನೆಟ್ಟಗೆ ಅರಮನೆಗೆ ನಡೆದಳು. ಅವಳ ಹೆಸರಿಗೂ ಮಸಿ ಬಿದ್ದಿತ್ತು, ಆದ್ದರಿಂದ ಇಲ್ಲದವಳನ್ನು ತಡೆಯುವುದು ಹೇಗೆಂದು ಬಾಗಿಲ ಕಾವಲುಗಾರ ಸುಮ್ಮನೆ ನಿಂತ.

“ಇಲ್ಲದವರ ಅರ್ಜಿ ನಾವು ಕೇಳುವುದಿಲ್ಲ” ಎಂದ ರಾಜ.

“ಮತ್ತೆ ಯಾರಿಗೆ ಹೇಳ್ತಿದ್ದೀರಿ ದೊರೆ?”

ರಾಜ ಕೆಮ್ಮಿದ. ಗಂಡನ್ನು ಬಿಟ್ಟುಕೊಟ್ಟರೆ ಪದ್ಯ ಕೆಡುತ್ತದೆ, ಇದಕ್ಕಿಂತ ಒಳ್ಳೆಯ ಪದ್ಯ ಮಾಡಿಕೊಟ್ಟರೆ ಬದಲಿಗೆ ಕೊಡುತ್ತೇನೆ ಎಂದ. ಪಂಪವ್ವ ಒಪ್ಪಿದಳು. ಅರಮನೆಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಅಚ್ಚಿನ ಕಾಗದ ಕೊಡಿ ಎಂದಳು. ರಾಜ ಹೆಮ್ಮೆಯಿಂದ ತನ್ನ ಬಿರುದುಗಳ ಪಟ್ಟಿಯನ್ನೇ ಕೊಟ್ಟ.

“ಹದಿನಾರು ಕೋಟೆಗಳನ್ನು ಗೆದ್ದ, ಮದುವೆಗಳಲ್ಲಿ ಮೊದಲ ಎಲೆ ಪಡೆಯುವ, ಕಿರುಬೆರಳಿನಿಂದ ಆನೆ ಎತ್ತುವ, ಸಪ್ತಸಾಗರಗಳ ಒಡೆಯ ಮಾರಭೂಪ ರಾಜ.”

ಪಂಪವ್ವ ಮಸಿ ಬಳಿದಳು. ಪಂಡಿತರು ಅಭ್ಯಾಸದಂತೆ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಓದಿದರು. ಮದುವೆಗಳಲ್ಲಿ ಎಲೆ ಎತ್ತುವ ರಾಜ.

ಕೋಟೆ ಹೋಯಿತು, ಆನೆ ಹೋಯಿತು, ಸಾಗರ ಹೋಯಿತು, ಹೆಸರೂ ಹೋಯಿತು. ಉಳಿದದ್ದು ಉಂಡ ಎಲೆ ಎತ್ತುವ ಕೆಲಸ.

“ಎತ್ತಲು ಎಲೆ ಬೇಕು ದೊರೆ” ಎಂದಳು ಪಂಪವ್ವ. “ಎಲೆಗೆ ಮದುವೆ ಬೇಕು. ಮದುವೆಗೆ ಗಂಡು ಬೇಕು. ಮದುವೆ ಇಲ್ಲದಿದ್ದರೆ ನೀವೂ ಇಲ್ಲ.”

ರಾಜ ಎದ್ದು ಓಡಿದ. ಹೊಸ ಲಗ್ನಪತ್ರಿಕೆ ಅಚ್ಚು ಹಾಕಿಸಿದ. ದ್ಯಾಮಣ್ಣನ ಕದ ಬಡಿದು, ದಮ್ಮಯ್ಯ, ಒಂದು ಸಲ ಇರು ಮಾರಾಯ ಎಂದು ಬೇಡಿಕೊಂಡ. ದ್ಯಾಮಣ್ಣ ಪತ್ರಿಕೆಯನ್ನು ಎರಡು ಸಲ ಓದಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಈಗ ಇದ್ದೇನೆ ಎಂದು ಹೊರಗೆ ಬಂದ. ಮದುವೆ ಆಯಿತು. ಜನ ಉಂಡರು. ರಾಜ ಸೊಂಟಕ್ಕೆ ವಲ್ಲಿ ಬಿಗಿದು ಪಂಕ್ತಿಯ ತುದಿಯಲ್ಲಿ ನಿಂತು, ಇನ್ನೂ ಪಾಯಸ ನೆಕ್ಕುತ್ತಿದ್ದ ಪಂಡಿತರನ್ನು ಬೇಗ ಏಳಿ ಎಂದು ಅವಸರ ಮಾಡುತ್ತಿದ್ದ.

ನೀತಿ ಇಷ್ಟೇ. ಬಿರುದು ಅಚ್ಚು ಹಾಕಿಸುವಾಗ ಎಲೆಯನ್ನೂ ಎತ್ತುವುದನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಸುಳ್ಳು ಎನ್ನುವವರು ಯಾವುದಾದರೂ ಮದುವೆಯಲ್ಲಿ ಕೊನೆಯ ಪಂಕ್ತಿ ಏಳುವವರೆಗೆ ಕಾದು ನೋಡಿ.