ಬಾಗಿಲು ಹಾಕಿಕೊಂಡ ಬಸವನಹುಳು

ಹುಣಸೆಮರಕ್ಕೆ ಅಂಟುಜಾಡ್ಯ ಬಂತು. ಬುಡದಲ್ಲಿದ್ದ ಕಟ್ಟಿರುವೆಗಳ ಹಿರಿಯಕ್ಕ ಕೂಡಲೇ ಆಜ್ಞೆ ಹೊರಡಿಸಿದಳು: "ಇಂದಿನಿಂದ ಯಾರೂ ಯಾರ ಮೀಸೆಯನ್ನೂ ಮುಟ್ಟಕೂಡದು." ಆದರೆ ಮೀಸೆಗೆ ಮೀಸೆ ತಾಗಿಸಿ ಹೇಳದ ಮಾತನ್ನು ಇರುವೆಗಳು ನಂಬುವುದಿಲ್ಲ. ಹಾಗಾಗಿ ಆ ಆಜ್ಞೆ ಮೀಸೆಯಿಂದ ಮೀಸೆಗೆ ದಾಟಿ, ಸಂಜೆಯೊಳಗೆ ಜಾಡ್ಯದ ಸಮೇತ ಸಾಲಿನ ಕೊನೆಯವರೆಗೂ ತಲುಪಿತು.

ಕೊಂಬೆಯ ಮೇಲಿನ ಜೇನುನೊಣಗಳು ಇದನ್ನು ಕಂಡು ನಕ್ಕವು. "ಅನಾಗರಿಕರು! ನಮ್ಮಲ್ಲಿ ಯಾರೂ ಹೀಗೆ ಮುಖಕ್ಕೆ ಮುಖ ಉಜ್ಜುವುದಿಲ್ಲ," ಎಂದಳು ರಾಣಿ. ಜೇನುಗಳಲ್ಲಿ ಸುದ್ದಿಯನ್ನು ಕುಣಿದೇ ಹೇಳಬೇಕು. ಇರುವೆಗಳ ದಡ್ಡತನವನ್ನು ಎಲ್ಲರಿಗೂ ತಿಳಿಸಲೆಂದು ಇಡೀ ಗೂಡು ಮೈಗೆ ಮೈ ಒತ್ತಿಕೊಂಡು ಮೂರು ದಿನ ಕುಣಿಯಿತು.

ಎರಡೂ ಕಡೆಯವರಿಗೆ ಹೆಣ ಹೊತ್ತು ಸಾಕಾದ ಮೇಲೆ ಉಳಿದವರೆಲ್ಲ ಮರದ ಪೊಟರೆಯ ಎದುರು ಸಭೆ ಸೇರಿದರು. ಪೊಟರೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ಬಸವನಹುಳು ಒಬ್ಬನೇ ಗುಂಡುಕಲ್ಲಿನ ಹಾಗಿದ್ದ.

"ನಿನಗೆ ಮಾತ್ರ ಏಕೆ ರೋಗ ಬರಲಿಲ್ಲ?" ಎಂದು ಹಿರಿಯಕ್ಕ ಕೇಳಿದಳು.

"ಯಾರು ಬಂದರೂ ನಾನು ಒಳಗೆ ಸೇರಿಕೊಳ್ಳುತ್ತೇನೆ. ಮರ್ಯಾದೆ ಗೊತ್ತಿಲ್ಲದವನು ಎಂದು ನೀವೇ ಬೈಯುತ್ತಿದ್ದಿರಲ್ಲ."

"ಕೇಳಿದಿರಾ? ಇಂಥ ಮರ್ಯಾದೆಗೇಡಿಯಿಂದಲೇ ಮರಕ್ಕೆ ಜಾಡ್ಯ ಬಂದದ್ದು!" ಎಂದು ರಾಣಿ ಕೂಗಿದಳು. ಇರುವೆಗೂ ಜೇನಿಗೂ ಅಂದು ಮೊದಲ ಬಾರಿಗೆ ಒಮ್ಮತವಾಯಿತು. ಇನ್ನು ಮುಂದೆ ಇವನ ಬಾಗಿಲಿಗೆ ಯಾರೂ ಸುಳಿಯಕೂಡದೆಂದು ಬಹಿಷ್ಕಾರ ಹಾಕಿದರು.

"ಕೇಳಿಸಿತು, ಬಹಳ ಸಂತೋಷ. ಅಲ್ಲಿಂದಲೇ ಹಿಂದಿರುಗಿ," ಎಂದ ಬಸವನಹುಳು.

"ಅದು ಹೇಗಾದೀತು? ಮೀಸೆ ತಾಗಿಸದೆ ಹೇಳಿದ ತೀರ್ಪು ತೀರ್ಪೇ ಅಲ್ಲ," ಎಂದು ಹಿರಿಯಕ್ಕ ಕೆಮ್ಮುತ್ತ ಬಂದು ಅವನ ಬಾಗಿಲು ತಟ್ಟಿದಳು.